ಕಾಲಿನ ಪಟ

ಮಾಂಬಳ್ಳಿಯ ದೊಡ್ಡಬಸಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು. ಮಗಳು ಶಂಕರಮ್ಮನ ಎಡಗಾಲು ಕೆಟ್ಟದ್ದು ಹನೂರಿನ ಬೀಗಿತ್ತಿ ಕೆಂಪಾಜಮ್ಮನಿಂದ ಎಂದು ಒಮ್ಮೆ ಹೇಳಿದ ಮೇಲೆ, ಮಾದಪ್ಪನೇ ಬೆಟ್ಟ ಇಳಿದು ಬಂದು ಅಲ್ಲ ಎಂದಿದ್ದರೂ ಅವಳು ಕೇಳುತ್ತಿರಲಿಲ್ಲ.

ಕೆಂಪಾಜಮ್ಮನದು ರೇಷ್ಮೆಹುಳು ಸಾಕುವ ಮನೆ. ಹುಳು ಪೊರೆ ಬಿಡುವ ಕೊನೆಯ ಜ್ವರ ಕಳೆದೆದ್ದು ಮೇಯತೊಡಗಿತೆಂದರೆ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಸೊಪ್ಪು ತರುವುದು, ಹೆಚ್ಚುವುದು, ತಟ್ಟೆತಟ್ಟೆಗೂ ಹಾಕುವುದು, ಎಲ್ಲ ನಿಂತೇ ಆಗಬೇಕು. ಸೊಸೆಯ ಕಾಲಲ್ಲಿ ನರಗಳು ಹಸಿರಾಗಿ ಉಬ್ಬಿ ಗಂಟುಗಂಟಾದವು, ಪಾದದ ಮೇಲಿನ ಹರಡಿನ ಬಳಿ ಮಾಯದ ಹುಣ್ಣಾಯಿತು. ಅದನ್ನು ಕಂಡ ದಿನವೇ ದೊಡ್ಡಬಸಮ್ಮ ಬೀಗಿತ್ತಿಯ ಅಂಗಳದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಬೈದು, ಮಗಳ ಕೈ ಹಿಡಿದು ಎಳೆದುಕೊಂಡು ಬಂದಳು. ಹೋಗುವವಳು ಹೋಗಲಿ, ಕೂಸು ನಮ್ಮದು ಎಂದು ಕೆಂಪಾಜಮ್ಮ ಮೊಮ್ಮಗಳನ್ನು ಸೊಂಟದಿಂದ ಇಳಿಸಲಿಲ್ಲ. ಅಳಿಯ ಷಡಕ್ಷರಿ ಹೆಂಡತಿಯನ್ನು ಕರೆಯಲು ಬಂದ. ನಿಮ್ಮವ್ವ ಬಂದು ತಪ್ಪಾಯಿತು ಅನ್ನಲಿ ಎಂದು ದೊಡ್ಡಬಸಮ್ಮ ಬಾಗಿಲಿಂದಲೇ ಕಳಿಸಿದಳು. ಮತ್ತೆ ಬಂದ, ಮತ್ತೆ ಕಳಿಸಿದಳು. ಕೊನೆಗೆ ಅವನು ಬೇರೆ ಮದುವೆಯಾದ.

ಇನ್ನು ಉಳಿದದ್ದು ಕೂಸು. ಹನೂರಿನ ಮಠದ ಜಗಲಿಯಲ್ಲಿ ನ್ಯಾಯ ಸೇರಿತು. ಯಜಮಾನ ಶಿವನಂಜಯ್ಯ ಕಡ್ಡಿ ತುಂಡು ಮಾಡಿದಂತೆ ಹೇಳಿದ. ಕಾಲು ಕೆಟ್ಟದ್ದು ಆ ಮನೆಯ ದುಡಿಮೆಯಿಂದ ಎಂದು ಡಾಕ್ಟರು ಹೇಳಿದರೆ ಕೂಸು ತಾಯಿಗೆ; ಇಲ್ಲದಿದ್ದರೆ ಕಾರಣವಿಲ್ಲದೆ ಮನೆ ಬಿಟ್ಟವಳೆಂದಾಗಿ ಕೂಸು ಅಪ್ಪನಿಗೆ.

ಹಾಗಾಗಿ, ಗಾಂಧಿ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ, ತಾಯಿ ಮಗಳು ಇದ್ದಿಲು ಬಸ್ಸು ಹತ್ತಿ ಮೈಸೂರಿನ ಆಸ್ಪತ್ರೆಗೆ ಹೋದರು. ಅಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ಡಾಕ್ಟರೊಬ್ಬರು ಶಂಕರಮ್ಮನ ಪಾದದ ನರಕ್ಕೆ ಸೂಜಿ ಚುಚ್ಚಿ ಔಷಧಿ ಬಿಟ್ಟರು. ಅದು ಕಾಲಲ್ಲಿ ಮೇಲೇರುವಾಗ ಎಕ್ಸ್‌ರೇ ಪಟ ತೆಗೆದರು. ಉರಿ ತಾಳಲಾರದೆ ಅವಳು ಹಲ್ಲು ಕಚ್ಚಿದಳು. ಇದೊಂದು ಆಗಿಬಿಡಲಿ, ಕೂಸು ಬಂದಂತೆಯೇ ಎಂದು ತಾಯಿ ತಲೆ ಸವರುತ್ತಿದ್ದಳು.

ಡಾಕ್ಟರು ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಿಡಿಸಿ ಹೇಳಿದರು. ತೊಡೆಯ ಒಳಗಿನ ದೊಡ್ಡ ನರದಲ್ಲಿ ಹಿಂದೆಂದೋ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗಿದೆ. ಕಾಲುವೆ ಕಟ್ಟಿಕೊಂಡರೆ ನೀರು ಗದ್ದೆಗೆ ನುಗ್ಗುವಂತೆ ರಕ್ತವೆಲ್ಲ ಹೊರಗಿನ ನರಗಳಿಗೆ ನುಗ್ಗಿ ಅವು ಉಬ್ಬಿವೆ. ಅವನ್ನು ಕತ್ತರಿಸಿ ತೆಗೆದರೆ ಇರುವ ದಾರಿಯೂ ಹೋಗುತ್ತದೆ, ಆಪರೇಷನ್ ಆಗದು. ನಿಂತು ದುಡಿದದ್ದರಿಂದ ನೋವು ಹೆಚ್ಚಿರಬಹುದು, ಮೂಲ ಅದಲ್ಲ. ಹೆರಿಗೆಯಾದ ಮೇಲೆ ಈ ಕಾಲು ಬೆಳ್ಳಗೆ ಊದಿತ್ತೇ ಎಂದು ಕೇಳಿದರು.

ಊದಿತ್ತು. ಬಾಣಂತನವೆಂದರೆ ದೊಡ್ಡಬಸಮ್ಮನದು ಎಂದು ಊರೇ ಹೊಗಳುತ್ತಿತ್ತು. ತಂಗಿಯೊಬ್ಬಳು ಬಾಣಂತಿಸನ್ನಿಯಲ್ಲಿ ಸತ್ತದ್ದನ್ನು ಕಂಡವಳು ಅವಳು. ಮಗಳಿಗೆ ಗಾಳಿ ಸೋಕಬಾರದೆಂದು ನೆಲಕ್ಕೆ ಕಾಲಿಡಲು ಬಿಡದೆ ಮಲಗಿಸಿ, ಎರಡೂ ಕಾಲು ಜೋಡಿಸಿ ಹಳೆಸೀರೆಯಿಂದ ಬಿಗಿದಿದ್ದಳು. ನೀರು ಕೇಳಿದರೆ ಒಂದು ಗುಟುಕು ಬಿಸಿನೀರು, ಅಷ್ಟೇ. ಕಾಲು ಊದಿದಾಗ ಶೀತವೆಂದುಕೊಂಡು ಇನ್ನೂ ಬಿಗಿಯಾಗಿ ಕಟ್ಟಿದ್ದಳು. ಮಲಗಿದಲ್ಲೇ ಮಲಗಿಸಿ, ನೀರು ಕೊಡದೆ ಬಿಗಿದರೆ ಹೀಗಾಗುವುದುಂಟು ಎಂದು ಡಾಕ್ಟರು ಮೆತ್ತಗೆ ಹೇಳಿದರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳ ಮುಖ ನೋಡಲಾರದೆ ದೊಡ್ಡಬಸಮ್ಮ ಗೋಡೆಯ ಕಡೆ ತಿರುಗಿ ಅತ್ತಳು.

ಆದರೂ ಸಂತೆಮರಹಳ್ಳಿ ಬರುವ ಹೊತ್ತಿಗೆ ಅವಳ ಹಳೆಯ ಬುದ್ಧಿ ಎದ್ದು ಕೂತಿತ್ತು.

"ಪಟ ನೋಡುದ್ರೆ ಅವ್ರಿಗೇನು ತಿಳಿತದೆ ಮಗ? ನಿಂತು ನಿಂತು ಆದದ್ದು ಅಂದ್ಬುಡಾನ. ಕೂಸು ಬರ್ಲಿ."

ಶಂಕರಮ್ಮ ಪಟವನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು.

ಮುಂದಿನ ಸೋಮವಾರ ಜಗಲಿಯ ಮೇಲೆ ಶಿವನಂಜಯ್ಯ ಪಟವನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿದ. ಡಾಕ್ಟರು ಏನೆಂದರು ಎಂದು ಕೇಳುವಷ್ಟರಲ್ಲೇ, ಕಂಬದ ಬಳಿ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಕೆಂಪಾಜಮ್ಮ ಗೊಳೋ ಎಂದು ಅಳತೊಡಗಿದಳು. ಹುಳು ಮೇಯುವಾಗ ನಾನೂ ನಿಂತಿದ್ದೆ, ಅವಳನ್ನೂ ನಿಲ್ಲಿಸಿದ್ದೆ, ಹೀಗಾಗುತ್ತದೆಂದು ಗೊತ್ತಿದ್ದರೆ ನಿಲ್ಲಿಸುತ್ತಿದ್ದೆನೇ, ಆ ಹುಡುಗಿಯ ಬಾಳು ತಿಂದವಳು ನಾನೇ ಎಂದಳು. ದೊಡ್ಡಬಸಮ್ಮ ಹೌದು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಶಂಕರಮ್ಮ ಎದ್ದು ನಿಂತಿದ್ದಳು.

"ಅಳ್ಬ್ಯಾಡಿ ಅತ್ತೆ. ನಿಮ್ಮಿಂದ ಆದದ್ದಲ್ಲ. ಬಾಣಂತೀಲೇ ಆದದ್ದು ಅಂತ ಡಾಕ್ಟ್ರು ಯೇಳವ್ರೆ."

ಬಾಣಂತನ ಯಾರು ಮಾಡಿದ್ದೆಂದು ಅವಳು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕೊಟ್ಟ ಮಾತಿನಂತೆ ಕೂಸು ಅಪ್ಪನಿಗೆ ಎಂದಾಯಿತು. ಅದು ಅಜ್ಜಿಯ ಸೆರಗು ಹಿಡಿದು, ಯಾರೋ ನೆಂಟರನ್ನು ನೋಡುವಂತೆ ಹೆತ್ತವಳನ್ನು ನೋಡುತ್ತಿತ್ತು.

ಬಸ್ಸಿನ ಹತ್ತಿರ ದೊಡ್ಡಬಸಮ್ಮನಿಗೆ ತಡೆಯಲಾಗಲಿಲ್ಲ.

"ಸುಮ್ಗಿದ್ದಿದ್ರೆ ಕೂಸು ಬತ್ತಿತ್ತಲ್ಲ ಮಗ."

"ನಿನ್ ಮಾತ ಕೇಳಿ ಮನೆ ಬುಟ್ಟು ಬಂದೆ ಕಣವ್ವ," ಎಂದಳು ಶಂಕರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನೊಂದ್ಸಲ ಕೇಳಿ ಕಳ್ಕೊಳ್ಳಾಕೆ ನನ್ನತ್ರ ಇನ್ನೇನದೆ?"

ಮೆಟ್ಟಿಲು ಹತ್ತಿಸಲು ತಾಯಿ ಕೈ ನೀಡಿದಳು. ಮಗಳು ಕಂಬಿ ಹಿಡಿದು, ಕಾಲೆಳೆದುಕೊಂಡು ತಾನೇ ಹತ್ತಿ, ಗುರುತಿಲ್ಲದ ಹೆಂಗಸೊಬ್ಬಳ ಪಕ್ಕದಲ್ಲಿ ಕೂತಳು.