ಜರಡಿ ಹಿಡಿದವಳ ಜವಾಬು

ತಿಪ್ಪಮ್ಮಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ರಾಜಕುಮಾರಿಯೊಬ್ಬಳು ಹೊಳೆ ದಾಟುವಾಗ ತನ್ನ ದನಿಯನ್ನು ನೀರಿಗೆ ಬೀಳಿಸಿಕೊಳ್ಳುತ್ತಾಳೆ. ಏಳು ದಿನ ದಡದಲ್ಲೇ ಕೂತು ಕಾಯುತ್ತಾಳೆ. ಎಂಟನೆಯ ದಿನ ಹೊಳೆ ದನಿಯನ್ನು ತಿರುಗಿ ಕೊಡುತ್ತದೆ. ಅಷ್ಟರಲ್ಲಿ ತಳದ ಉಸುಕು, ಕಲ್ಲು, ಪಾಚಿ ಎಲ್ಲ ಅದಕ್ಕೆ ಮೆತ್ತಿಕೊಂಡಿರುತ್ತವೆ.

"ಇದು ನಂದಲ್ಲ ಅಂತ ಅತ್ಕೊಂತ ಕೂತ್ಲು ನೋಡು, ತಿಳಿಗೇಡಿ. ನೀನಾಗಿದ್ರೆ ಏನ್ ಮಾಡ್ತಿದ್ದೆ?" ಎಂದು ಅಜ್ಜಿ ಕೇಳಿದರೆ ಆರು ವರ್ಷದ ಬಿಂದು ಥಟ್ಟನೆ, "ಹಾಡ್ತಿದ್ದೆ" ಎನ್ನುತ್ತಿದ್ದಳು.

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ನಲವತ್ತೊಂದನೆಯ ವಯಸ್ಸಿಗೆ ಆ ಮಾತು ಬಂದು ಅವಳೆದುರು ನಿಂತಿತು. ಗಂಟಲಲ್ಲಿ ಗಂಟಾಗಿ, ಆಪರೇಷನ್ ಆಗಿ, ಮೂರು ತಿಂಗಳು ಸ್ಲೇಟಿನ ಮೇಲೆ ಬರೆದೇ ಮಾತಾಡಿದ್ದಾಯಿತು. ಆಮೇಲೆ ಹೊರಬಂದ ದನಿಯನ್ನು ಅವಳೇ ಗುರುತು ಹಿಡಿಯಲಿಲ್ಲ. ಮಹಾಂತೇಶನ ಆರ್ಕೆಸ್ಟ್ರಾದಲ್ಲಿ ಹದಿನಾರು ವರ್ಷ, ಗಣಪತಿ ಪೆಂಡಾಲಿನಿಂದ ಮದುವೆ ಛತ್ರದವರೆಗೆ, ಸಿನಿಮಾ ಹಾಡುಗಳನ್ನು ಗಾಳಿಪಟದಂತೆ ಮೇಲೆ ಹಾರಿಸಿದ್ದ ಗಂಟಲು ಈಗ ಎದೆಯ ತಳದಲ್ಲೆಲ್ಲೋ ಬಿಡಾರ ಹೂಡಿತ್ತು.

"ಬಿಂದಮ್ಮ, ಬೇಜಾರ್ ಮಾಡ್ಕೋಬ್ಯಾಡ್ರಿ. ಗಂಡಸ್ರ ದನಿ ಆಗೈತೆ" ಎಂದ ಮಹಾಂತೇಶ. "ಸದ್ಯಕ್ಕೆ ಮೈಕ್ ಹಿಡ್ಕೊಂಡು ಚೀಟಿ ಓದ್ರಿ."

ಚೀಟಿ ಎಂದರೆ ಕೇಳುಗರು ತಮಗೆ ಬೇಕಾದ ಹಾಡಿನ ಹೆಸರು ಬರೆದು ವೇದಿಕೆಗೆ ಕಳಿಸುವ ತುಂಡು ಕಾಗದ. ಬಿಂದು ಎರಡು ವರ್ಷ ಚೀಟಿ ಓದಿದಳು. ಅವಳು ಓದಿದ್ದನ್ನು ಕಾಲೇಜು ಓದುವ ಹುಡುಗಿಯೊಬ್ಬಳು ಹಾಡಿದಳು.

ಆ ಹೊಸ ದನಿ ಕೇಳಿ ಕಣ್ಣರಳಿಸಿದವರು ಒಬ್ಬರೇ, ಅದೇ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಹಯಾತ್ ಸಾಬ್. ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದ ಅವರಿಗೆ ಯಾರೋ ಕೊಟ್ಟುಹೋಗಿದ್ದ ಹಳೇ ಕ್ಯಾಸೆಟ್ಟುಗಳಿಂದ ಬ್ಲೂಸ್ ಹುಚ್ಚು ಹತ್ತಿತ್ತು. ಅಮೆರಿಕದ ಕಪ್ಪು ಜನ ಹತ್ತಿ ಹೊಲದಲ್ಲಿ, ರೈಲು ಹಳಿಯ ಮೇಲೆ ಮೈಮುರಿದು ದುಡಿಯುತ್ತ ಕಟ್ಟಿಕೊಂಡ ಸಂಗೀತವದು. ಒಂದು ಮಧ್ಯಾಹ್ನ ಅವರು ಬಿಂದುವಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು, "ಸುಮ್ನೆ ಕೇಳು ಬೇಟಿ" ಎಂದರು.

ಹೆಂಗಸೊಬ್ಬಳು ಒಂದು ಸಾಲು ಹಾಡಿದಳು. ಅದೇ ಸಾಲನ್ನು ಇನ್ನೊಮ್ಮೆ ಹಾಡಿದಳು. ಮೂರನೆಯದು ಅವೆರಡಕ್ಕೂ ಉತ್ತರದಂತಿತ್ತು. ಬಿಂದುವಿನ ಕೈಯಲ್ಲಿದ್ದ ಚಹಾ ಆರಿಹೋಯಿತು.

"ಸಾಬ್ರೆ, ಇದು ನಮ್ಮಜ್ಜಿ ಭಟ್ಟಿ ಹಾಡು ಇದ್ದಂಗೇ ಐತಲ್ರಿ!"

ತಿಪ್ಪಮ್ಮಜ್ಜಿ ಆವರಗೆರೆಯಿಂದ ನಡೆದು ಬಂದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಕಾದ ಉಸುಕಿಗೆ ಅಕ್ಕಿ ಸುರಿಯುವಾಗ ಒಂದು ಸಾಲು. ಕೈಯಾಡಿಸುವಾಗ ಮತ್ತೆ ಅದೇ ಸಾಲು. ಅರಳಿದ್ದನ್ನು ಜರಡಿಗೆ ಹಾಕುವಾಗ ಮೂರನೆಯದು, ಜವಾಬು. ಭಟ್ಟಿಯಲ್ಲಿ ಗಡಿಯಾರವಿರಲಿಲ್ಲ, ಹಾಡೇ ಅಳತೆ. ಹಾಡು ಲಂಬಿಸಿದರೆ ಮಂಡಕ್ಕಿ ಕರಿಕಾಗುತ್ತಿತ್ತು.

ಅಂದಿನಿಂದ ಪ್ರತಿ ಭಾನುವಾರ ಬಿಂದು ಹರಿಹರದ ಬಸ್ ಹತ್ತಿದಳು. ಸಾಬರ ಮನೆಯ ವರಾಂಡದಲ್ಲಿ ಭಟ್ಟಿ ಹಾಡುಗಳು ಗಿಟಾರಿನ ಮೇಲೆ ಕೂತವು. ಸರಸ್ವತಿ ನಗರದ ಒಂದು ತಾರಸಿಯ ಮೇಲೆ ಇಪ್ಪತ್ತು ಜನರೆದುರು, ಒಂದು ಕಾಲೇಜಿನಲ್ಲಿ ನಲವತ್ತು ಜನರೆದುರು ಹಾಡಿದಳು. ಆಮೇಲೆ ಆರ್ಕೆಸ್ಟ್ರಾದಲ್ಲೂ ಇವನ್ನು ಹಾಡಬೇಕೆಂದು ಮಹಾಂತೇಶನ ಬೆನ್ನು ಬಿದ್ದಳು. ಅವನು ಒಂದು ತಿಂಗಳು ತಪ್ಪಿಸಿಕೊಂಡು ಓಡಾಡಿ ಕೊನೆಗೆ ಒಪ್ಪಿದ.

"ಹರಿಹರದ ಹೊಳೆದಂಡೆ ಪ್ರೋಗ್ರಾಮು, ಅರ್ಧ ಗಂಟೆ ನಿಮ್ದು. ಜನ ಕೂತ್ರೆ ಈ ವರ್ಷದ ಎಲ್ಲಾ ಪ್ರೋಗ್ರಾಮಿನಾಗೂ ಅರ್ಧ ಗಂಟೆ ನಿಮ್ದೇ. ಎದ್ದು ಹೋದ್ರೆ ಮತ್ತೆ ಈ ಮಾತು ಎತ್ತಂಗಿಲ್ಲ. ಚೀಟಿನೇ ಗತಿ."

"ಆತು. ಆದ್ರೆ ಪ್ರಾಕ್ಟೀಸಿಗೆ ಬರ್ರಿ ಅಣ್ಣ."

"ಅಯ್ಯ, ನಿಮ್ಮ ಸ್ಕೇಲು ಹದಿನಾರು ವರ್ಷದಿಂದ ನನ್ನ ಬೆರಳಿಗೆ ಗೊತ್ತೈತೆ ಬಿಡ್ರಿ."

ಪ್ರೋಗ್ರಾಮಿನ ಹಿಂದಿನ ದಿನ ಬಿಂದು ಹಜೀರಾಬೀಯನ್ನು ಕರೆಯಲು ಹೋದಳು. ಅಜ್ಜಿ ಅಕ್ಕಿ ಹುರಿದರೆ ಎದುರಿಗೆ ಜರಡಿ ಹಿಡಿಯುತ್ತಿದ್ದವಳು ಈ ಹಜೀರಾಬೀ. ಎಪ್ಪತ್ತು ದಾಟಿದ ಮುದುಕಿ, ಬಿಂದು ಹಾಡಿ ತೋರಿಸಿದ ಹಾಡನ್ನು ಪೂರ್ತಿ ಕೇಳಿ ಮೂತಿ ತಿರುವಿದಳು.

"ಚೆಂದ ಐತೆ. ಆದ್ರ ಜವಾಬೂ ನೀನೇ ಹೇಳ್ಕೊಂತೀಯಲ್ಲ, ಅದ್ಯಾಕ? ನಿಮ್ಮಜ್ಜಿ ಒಂದಿನಾನೂ ನನ್ ಜವಾಬು ಕಸ್ಕೊಳ್ಲಿಲ್ಲ."

"ಸ್ಟೇಜ್ ಮ್ಯಾಲೆ ನಾನೊಬ್ಬಳೇ ಇರ್ತೀನಲ್ಲಜ್ಜಿ."

"ಹಂಗಾರ ನಾ ಕುರ್ಚ್ಯಾಗ ಕೂತು ಮಂಡಕ್ಕಿ ತಿಂತೀನಿ ಬಿಡು."

ಅಂದಂತೆಯೇ ಬಂದಳು. ಭಾನುವಾರ ಸಂಜೆ ಐದೂವರೆಗೆ, ತುಂಗಭದ್ರೆಯ ಮೇಲೆ ಬಿಸಿಲು ಇನ್ನೂ ಹಳದಿಯಾಗಿರುವಾಗಲೇ, ಭಟ್ಟಿಯ ಏಳೆಂಟು ಹೆಂಗಸರೊಂದಿಗೆ ಎರಡನೇ ಸಾಲಿನಲ್ಲಿ ಕೂತು ಮಂಡಕ್ಕಿ ಪೊಟ್ಟಣ ಬಿಚ್ಚಿದಳು. ಹಿಂದೆ ಮುನ್ನೂರು ಕುರ್ಚಿ ತುಂಬಿದ್ದವು.

ಮಹಾಂತೇಶನ ಕೀಬೋರ್ಡಿನ ಮೇಲೆ ಅವನ ಡೈರಿ ತೆರೆದಿತ್ತು. ಯಾವ ಗಾಯಕರಿಗೆ ಯಾವ ಸ್ಕೇಲು ಎಂದು ಬರೆದಿಟ್ಟುಕೊಂಡ ಡೈರಿ ಅದು. ಬಿಂದುವಿನ ಪುಟ ಆಪರೇಷನ್ನಿಗೂ ಮೊದಲಿನದು. ದನಿ ಇಳಿದದ್ದು ಅವನಿಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಅವನು ಹಳೇ ಎತ್ತರದಲ್ಲೇ ಶುರು ಮಾಡಿದ. ಕೀಬೋರ್ಡ್ ಹೋದ ದಾರಿಯಲ್ಲಿ ಎಲ್ಲರೂ ಹೋಗಬೇಕೆಂಬುದು ಆರ್ಕೆಸ್ಟ್ರಾದ ಕಟ್ಟಳೆ. ಹಯಾತ್ ಸಾಬ್ ಮುಖ ಕಿವುಚಿಕೊಂಡೇ ಹಿಂದೆ ಹೊರಟರು.

ಮೊದಲ ಸಾಲನ್ನು ಬಿಂದು ಹೇಗೋ ಎಳೆದು ತಂದಳು. ಎರಡನೆಯದರ ನಡುವೆ ದನಿ ಸೀಳಿತು, ಹಳೇ ಬಟ್ಟೆ ಹರಿದ ಸದ್ದಿನಂತೆ. ಹಿಂದಿನಿಂದ ಸಿಳ್ಳೆ ಬಂತು.

"ಟ್ರ್ಯಾಕ್ ಹಾಕ್ರೋ!"

"ಅಕ್ಕಾರೆ, ಚೀಟಿ ಓದ್ರಿ!"

ಕುರ್ಚಿಗಳು ಸರಿದವು. ಒಂದು ಕುಟುಂಬ ಎದ್ದು ಚಪ್ಪಲಿ ಹುಡುಕತೊಡಗಿತು. ಶುರು ಮಾಡಿದ ಹಾಡನ್ನು, ಪೆಂಡಾಲು ಕುಸಿದರೂ, ನಿಲ್ಲಿಸಬಾರದೆಂದು ಬಿಂದು ಹದಿನಾರು ವರ್ಷ ಕಲಿತಿದ್ದಳು. ಆದರೆ ಈ ಹಾಡು ಹೀಗೇ ಮುಗಿದರೆ ಅದರೊಟ್ಟಿಗೆ ತಾನೂ ಮುಗಿದಂತೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಕೈ ಎತ್ತಿದಳು.

"ನಿಲ್ಲಿಸ್ರಿ ಮಹಾಂತೇಶಣ್ಣ."

ಅವನು ಕಣ್ಣಲ್ಲೇ ಬೇಡವೆಂದ.

"ನಿಲ್ಲಿಸ್ರಿ ಅಂದೆ!"

ಎಲ್ಲ ವಾದ್ಯಗಳೂ ನಿಂತವು. ಬಿಂದು ಮೈಕಿನ ಹತ್ತಿರ ಬಂದಳು. "ನೀವು ಕೇಳಿದ್ದು ನನ್ನ ಹಳೇ ದನಿ ಜಾಗ. ಆ ಮನೆ ಖಾಲಿ ಮಾಡೀನಿ. ಈಗ ಕೆಳಗಿನ ಮನ್ಯಾಗ ಇದೀನಿ. ಎದ್ದೋರು ಒಂದ್ ಹಾಡು ನಿಂತು ಕೇಳ್ರಿ. ಸೇರಲಿಲ್ಲಾಂದ್ರೆ ನಾನೇ ಚಪ್ಪಲಿ ಹುಡುಕಿ ಕೊಡ್ತೀನಿ."

ಯಾರೋ ನಕ್ಕರು. ಆ ನಗು ಆರುವ ಮುಂಚೆ, ಯಾವ ವಾದ್ಯವೂ ಇಲ್ಲದೆ, ಹಿಮ್ಮಡಿಯಿಂದ ವೇದಿಕೆಯ ಹಲಗೆ ಬಡಿಯುತ್ತ ಅವಳು ತಳದಿಂದ ದನಿ ಎತ್ತಿದಳು:

"ಉಸುಕು ಕಾದೈತೆ ತಾಯಿ, ಕಾಲಿಡಬ್ಯಾಡ ಒಳಗ..."

ಉಸುಕು, ಕಲ್ಲು, ಪಾಚಿ ಎಲ್ಲ ಆ ದನಿಯಲ್ಲಿತ್ತು. ಚಪ್ಪಲಿ ಹುಡುಕುತ್ತಿದ್ದವರು ತಲೆಯೆತ್ತಿದರು. ಅದೇ ಸಾಲನ್ನು ಅವಳು ಇನ್ನೂ ನಿಧಾನವಾಗಿ, ಕೈಯಾಡಿಸುವ ಲಯದಲ್ಲಿ ಮತ್ತೊಮ್ಮೆ ಹಾಡಿದಳು. ಮೂರನೆಯ ಸಾಲು ಬಾಯಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡು ಎರಡನೇ ಸಾಲಿನ ಕುರ್ಚಿಯತ್ತ ನೋಡಿದಳು. ಹಲಗೆಯ ಮೇಲೆ ಹಿಮ್ಮಡಿ ಮಾತ್ರ ಬಡಿಯುತ್ತಿತ್ತು. ಒಂದು. ಎರಡು. ಮೂರು. ಮಂಡಕ್ಕಿ ಕರಿಕಾಗುವಷ್ಟು ಹೊತ್ತು.

ಹಜೀರಾಬೀ ಮಡಿಲಿನ ಪೊಟ್ಟಣ ಚೆಲ್ಲಿಕೊಂಡು ಎದ್ದು ನಿಂತಳು. ಎರಡೂ ಕೈಯಲ್ಲಿ ಇಲ್ಲದ ಜರಡಿ ಹಿಡಿದು, ಬಿರುಕು ಬಿಟ್ಟ ಗಂಟಲಲ್ಲಿ ಕೂಗಿದಳು:

"ಇಟ್ಟ ಮ್ಯಾಲೆ ಅರಳಬೇಕು, ಉರಿ ಇದ್ರೇನು ಕೆಳಗ!"

ಭಟ್ಟಿಯ ಹೆಂಗಸರೆಲ್ಲ ಅದನ್ನೆತ್ತಿಕೊಂಡರು. ಬಿಂದು ಮತ್ತೆ ಮೊದಲ ಸಾಲಿಗೆ ಬಂದಳು. ಈ ಸಲ ಹಯಾತ್ ಸಾಬ್ ಯಾರ ಅಪ್ಪಣೆಗೂ ಕಾಯದೆ ಗಿಟಾರನ್ನು ಅವಳ ಪಕ್ಕಕ್ಕೆ ತಂದರು. ನಾಲ್ಕನೇ ಸುತ್ತಿಗೆ ಜವಾಬು ಹಿಂದಿನ ಸಾಲುಗಳಿಂದಲೂ ಬಂತು; ಸಿಳ್ಳೆ ಹೊಡೆದವರೇ ಅದಕ್ಕೆ ಚಪ್ಪಾಳೆಯ ಲಯ ಹಾಕಿದರು. ಎದ್ದ ಕುಟುಂಬ ನಿಂತೇ ಕೇಳುತ್ತಿತ್ತು. ಆಮೇಲೆ ಯಾವಾಗ ಕೂತರೋ ಬಿಂದು ಗಮನಿಸಲಿಲ್ಲ.

ಹಾಡು ಮುಗಿದಾಗ ಮಹಾಂತೇಶ ಡೈರಿಯಲ್ಲಿ ಹಳೇ ಸಾಲಿನ ಮೇಲೆ ಗೀಟು ಎಳೆದಿದ್ದ. ಪೆನ್ನು ಹಿಡಿದು ಮುಂದಕ್ಕೆ ಬಾಗಿ ಪಿಸುಗುಟ್ಟಿದ, "ಬಿಂದಮ್ಮ, ಮುಂದಿನ ಹಾಡಿಗೆ ಸ್ಕೇಲ್ ಯಾವುದ್ರಿ?"

ಬಿಂದು ನೀರು ಕುಡಿದು ಬಾಟಲಿ ಕೆಳಗಿಟ್ಟಳು.

"ಹಾಡ್ತೀನಿ. ಕೇಳಿ ಬರ್ಕೊಳ್ರಿ."