ಒಂದು ಒತ್ತು ಕಡಿಮೆ

ತುಪ್ಪದಲ್ಲಿ ಅಂಟು ಅರಳುವ ವಾಸನೆ, ಕೆಳಗಿನ ಕರದಂಟಿನ ಅಂಗಡಿಯಲ್ಲಿ ಇವತ್ತಿನ ಮೊದಲ ಬಾಣಲೆ, ಇದು ಮೂಗಿಗೆ ಬಂತೆಂದರೆ ಹತ್ತೂವರೆ ದಾಟಿತೆಂದೇ ಅರ್ಥ, ಗಡಿಯಾರ ನೋಡುವ ಅಗತ್ಯವೇ ಇಲ್ಲ, ಆದರೂ ಇವತ್ತು ನೋಡುತ್ತಿದ್ದೇನೆ, ಹತ್ತು ನಲವತ್ತೊಂದು, ಇನ್ನು ಹತ್ತೊಂಬತ್ತು ನಿಮಿಷಕ್ಕೆ ನನ್ನ ದನಿ ಘೋಡಗೇರಿಯ ಒಂದು ಮನೆಯ ಪಡಸಾಲೆಯಲ್ಲಿ ಮಾತಾಡುತ್ತದೆ, ನಾನಿಲ್ಲಿ ಗೋಕಾಕದ ಆಫೀಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೂ ಮಾತಾಡುತ್ತದೆ — ಕಸ್ತೂರಿ, ಇವತ್ತ ನಿನ್ನ ಮೂರ ತಿಂಗಳ ಸೂಜಿ ದಿನಾ ಐತವಾ, ತಪ್ಪಸಬ್ಯಾಡಾ, ತಪ್ಪಿದ್ರ ಬಸಿರ ಆಗಬಹುದು — ಇಪ್ಪತ್ತೆರಡು ಸೆಕೆಂಡು, ಗಟ್ಟಿಯಾಗಿ, ಯಾರೂ ಏನನ್ನೂ ಒತ್ತಬೇಕಾಗಿಲ್ಲ, ಒತ್ತುವ ಗುಂಡಿಯನ್ನು ತೆಗೆದವಳು ನಾನೇ. ಐದು ನಿಮಿಷದ ಹಿಂದೆ ಸಾವಿತ್ರವ್ವ ಫೋನು ಮಾಡಿದ್ದಳು, ಘೋಡಗೇರಿಯ ಆಶಾ ಕಾರ್ಯಕರ್ತೆ, ಬೇರೇನೋ ಕೇಳಲು ಮಾಡಿದವಳು ಮಾತಿನ ಕೊನೆಗೆ, ಶೈಲಕ್ಕಾರ, ಇವತ್ತ ಕಸ್ತೂರಿ ಪಾಳಿ ಐತಿ, ಪಾಪ, ಗುಟ್ಟಲೇ ಬರಬೇಕ ಆಕಿ, ಅಂದಳು, ಅಂದಕೂಡಲೇ ನೆನಪಾಯಿತು, ನಿನ್ನೆ ಸಂಜೆಯೇ ನಮ್ಮ ಆರೋಗ್ಯದ ಆ್ಯಪಿನ ಗುಂಡಿಯಿಲ್ಲದ ಹೊಸ ರೂಪ ಎಲ್ಲರ ಫೋನಿಗೂ ಹೋಗಿದೆ. ಸಾವಿತ್ರವ್ವ, ನೀವು ಈಗಲೇ ಅವರ ಮನೆಗೆ ಹೋಗಿ — ಅಯ್ಯ, ನಾ ಮೂಡಲಗಿ ಬಸ್ಸಿನ್ಯಾಗ ಅದೀನ್ರಿ, ತವರಮನಿಗಿ ಹೊಂಟೇನಿ, ಯಾಕ್ರಿ ಏನಾತು? ಏನಾಯಿತೆಂದು ಹೇಳಲಿ, ಬಾಜೂ ಮನೆಯವರಿಗೆ ಹೇಳೋಣವೆಂದರೆ ಊರಿಗೇ ಡಂಗುರ ಹೊಡೆದಂತೆ, ಬಸ್ಸು ಹಿಡಿದರೆ ಇಲ್ಲಿಂದ ಒಂದು ತಾಸು.

ಆ ಹೆಬ್ಬೆಟ್ಟುಗಳು. ತುಕ್ಕಾನಟ್ಟಿಯ ಅಂಗನವಾಡಿಯಲ್ಲಿ ಹನ್ನೊಂದು ಜನ ಅತ್ತೆಯರನ್ನು ಕೂರಿಸಿ ಒಬ್ಬೊಬ್ಬರ ಕೈಗೂ ಫೋನು ಕೊಟ್ಟು, ಇಲ್ಲಿ ಮುಟ್ರಿ, ಮುಟ್ಟಿ ಬಿಡ್ರಿ, ಅಂದರೆ ಯಾರೂ ಬಿಡಲೇ ಇಲ್ಲ, ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಡುವ ಹಾಗೆ ಹೆಬ್ಬೆಟ್ಟು ಊರಿ, ಹಿಡಿದು, ಉಸಿರು ಬಿಗಿಹಿಡಿದು ಕೂತರು, ಅಕ್ಕಿ ಬರುವವರೆಗೆ ತೆಗೆಯಬಾರದೆಂಬಂತೆ, ಆ್ಯಪಿಗೆ ಅದು ಅರ್ಥವೇ ಆಗಲಿಲ್ಲ. ಒಬ್ಬಾಕೆ ಬೆವರಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಯವ್ವಾ, ಇದು ನನ್ನ ಗುರ್ತ ಹಿಡಿಯವಲ್ದು, ಅಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ, ಮಸಗುಪ್ಪಿಯಲ್ಲೂ ಅದೇ, ಸೀಳಿದ, ಅರಿಸಿನ ಹತ್ತಿದ ಹೆಬ್ಬೆಟ್ಟು ಗಾಜಿನ ಮೇಲೆ ಅಲ್ಲಾಡದೆ. ಮೂಡಲಗಿಯ ಸಭೆಯಲ್ಲಿ ಮೇಲಿನವರು ಕೇಳಿದರು, ಲಸಿಕೆ ತಪ್ಪಾಕತ್ತಾವು, ನಿಮ್ಮ ಗುಂಡಿ ಯಾರೂ ಒತ್ತಂಗಿಲ್ಲ, ಏನ ಉಪಯೋಗ? ನಾನು ಎದ್ದು ನಿಂತು, ಒಂದು ಒತ್ತು ಕಡಿಮೆ ಮಾಡಿಬಿಡೋಣ ಸರ್, ದನಿ ತಾನಾಗಿಯೇ ಬರಲಿ, ಫೋನು ಸೈಲೆಂಟಿನಲ್ಲಿದ್ದರೂ ಬರಲಿ, ಅಂದೆ, ಚಪ್ಪಾಳೆ ತಟ್ಟಿದರು, ಇಪ್ಪತ್ತು ವರ್ಷ ಇದೇ ಕೆಲಸ, ಜನರ ಮತ್ತು ಅವರಿಗೆ ಬೇಕಾದದ್ದರ ನಡುವೆ ನಿಂತ ಅಡ್ಡಿಗಳನ್ನು ತೆಗೆಯುವುದು, ತೆಗೆದಷ್ಟೂ ಒಳ್ಳೆಯ ವಿನ್ಯಾಸ. ಪೋಲಿಯೋಗೆ ಸರಿ, ಕೂಸಿನ ತೂಕಕ್ಕೆ ಸರಿ. ಕಸ್ತೂರಿಯ ಸೂಜಿಗೆ ಆ ಗುಂಡಿ ಅಡ್ಡಿಯಾಗಿರಲಿಲ್ಲ, ಬಾಗಿಲಾಗಿತ್ತು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು, ಪರದೆಯ ಮೇಲೆ ಬರೀ ಒಂದು ಚೆಂಡುಹೂವು ಮೂಡುತ್ತಿತ್ತು, ಅದನ್ನು ಒತ್ತಿದರೆ ಮಾತ್ರ ದನಿ, ಒತ್ತಬೇಕೆಂದು ಗೊತ್ತಿದ್ದದ್ದು ಅವಳೊಬ್ಬಳಿಗೇ, ಉಳಿದವರಿಗೆ ಅದು ಹೂವು.

ಹತ್ತು ನಲವತ್ತೆಂಟು. ಆರೀಫ ಫೋನು ತೆಗೆಯುತ್ತಿಲ್ಲ, ಎಂಟನೇ ಸಲ, ಹನ್ನೊಂದರದು ನಿಲ್ಲಿಸು ಎಂದು ಸಂದೇಶವನ್ನೂ ಹಾಕಿದ್ದೇನೆ, ಅವನು ಹುಕ್ಕೇರಿಯಲ್ಲಿ ಅಧಿಕಾರಿಗಳ ಮುಂದೆ ಇದೇ ಆ್ಯಪನ್ನು ತೋರಿಸುತ್ತಿದ್ದಾನೆ, ಹನ್ನೊಂದರ ಸಂದೇಶಗಳನ್ನು ತಡೆಯುವ ಪಾಸ್‌ವರ್ಡು ಅವನೊಬ್ಬನಿಗೇ ಗೊತ್ತು, ಹನ್ನೆರಡು ವರ್ಷದಿಂದ ಜೊತೆಗೆ ಕೆಲಸ ಮಾಡುತ್ತೇವೆ, ನಾನು ಕೇಳಲಿಲ್ಲ, ಅದು ಅವನ ಕಡೆಯ ಕೆಲಸ, ರೂಪ ನನ್ನದು, ಯಂತ್ರ ಅವನದು. ನಾನು ಘೋಡಗೇರಿಗೆ ಹೋಗಿದ್ದ ದಿನ ಕಸ್ತೂರಿ ಸಾವಿತ್ರವ್ವನ ಬೆನ್ನ ಹಿಂದೆ ನಿಂತೇ ಮಾತಾಡಿದಳು, ಎರಡನೇ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ ತಾನೇ ಕಾಗದದಂತಾಗಿದ್ದಳಂತೆ, ಎರಡೂ ಹೆಣ್ಣು, ಗಂಡ ಈಶ್ವರ, ಇನ್ನೊಂದ ನೋಡೂನು, ಅಂದ, ಅತ್ತೆ ಶಿವವ್ವ ಎಲ್ಲಮ್ಮನಿಗೆ ಹರಕೆ ಹೊತ್ತಳು, ಇವಳು ಬಾಯಿ ಬಿಡದೆ ಹೋಗಿ ಸೂಜಿ ಮಾಡಿಸಿಕೊಂಡಳು. ನಮ್ಮ ನೆಗೆಣ್ಣಿ ಕಡೆ ಬಸಿರ ತಡಿಯೂ ಗುಳಿಗಿ ಸಿಕ್ಕಿದ್ವು ಅಕ್ಕಾರ, ಸಂಜೀಕೇ ತವರಿಗೆ ಬಿಟ್ಟ ಬಂದ್ರು, ಆರ ವರ್ಷಾತು, ಮಗಳನ್ನ ಇಲ್ಲೇ ಇಟ್ಕೊಂಡಾರ, ಅಂದಳು, ಓರಗಿತ್ತಿಯ ಮಗಳನ್ನು ಇಲ್ಲೇ ಇಟ್ಟುಕೊಂಡಿದ್ದಾರೆ, ನಾನು ಬರೆದುಕೊಂಡೆ, ಬರೆದುಕೊಂಡು, ನಿನ್ನ ಬಿಟ್ಟು ಯಾರಿಗೂ ಕೇಳುವುದಿಲ್ಲ ಕಸ್ತೂರಿ, ಅಂದೆ. ನನಗೇ ಗೊತ್ತಿರಬೇಕಿತ್ತು, ಹತ್ತೊಂಬತ್ತು ವರ್ಷದ ಹಿಂದೆ ಅಂಥದೇ ಗುಳಿಗೆಯ ಪೊಟ್ಟಣವನ್ನು ಸಾಸಿವೆ ಡಬ್ಬಿಯ ತಳದಲ್ಲಿ ಹೂತಿಟ್ಟವಳು ನಾನು, ಅತ್ತೆ ಒಗ್ಗರಣೆಗೆ ಚಮಚ ಅದ್ದಿದಾಗಲೆಲ್ಲ ಕೈಯ ಕೆಲಸ ನಿಲ್ಲಿಸಿ ಡಬ್ಬಿಯನ್ನೇ ನೋಡಿದವಳು, ಯಾವ ಡಬ್ಬಿಯೂ ತಾನಾಗಿ ಬಾಯಿ ತೆರೆದು ಮಾತಾಡಿರಲಿಲ್ಲ. ಕಸ್ತೂರಿಯ ಮನೆಯಲ್ಲಿ ಇರುವುದು ಒಂದೇ ಫೋನು, ಹಗಲು ಟೀವಿಯ ಬಾಜೂ, ಶಿವವ್ವನ ಕೈಯಳತೆಯಲ್ಲಿ, ಯಾರು ಮಾತಾಡಿದರೂ ಸ್ಪೀಕರಿನ ಮೇಲೆಯೇ, ಸೊಸೆ ಫೋನನ್ನು ಕಿವಿಗೆ ಹಚ್ಚಿದಳೆಂದರೆ ಏನೋ ಮುಚ್ಚಿಡುತ್ತಿದ್ದಾಳೆಂದೇ ಅರ್ಥ.

ಹತ್ತು ಐವತ್ತಾರು, ಒಂದೇ ಒಂದು ಸಂದಿ ಇದೆ, ಕರೆ ನಡೆಯುತ್ತಿದ್ದರೆ ದನಿ ಕಾಯಬೇಕೆಂದು ನಾನೇ ಬರೆದ ನಿಯಮ, ಕರೆ ಮುಗಿದ ಮೇಲೆ ಮಾತಾಡಲಿ ಎಂದು, ಹಾಗಾದರೆ ಕರೆ ಮುಗಿಯಬಾರದು, ಆರೀಫ ಸಿಗುವವರೆಗೆ ಮುಗಿಯಬಾರದು, ಆ ಮನೆಯ ನಂಬರು ಒತ್ತಿದೆ, ರಿಂಗಾಗುತ್ತಿದೆ, ಯಾರ? ಶಿವವ್ವಾರ, ನಾ ಗೋಕಾಕದಿಂದ ಶೈಲಾ ಮಾತಾಡಾಕತ್ತೇನ್ರಿ, ಆರೋಗ್ಯದ ಆ್ಯಪಿನಾಕಿ. ಅಯ್ಯ, ಈ ದನಿ! ನೀ ಪೋಲಿಯೋದಾಕಿ ಅಲ್ಲೇನ? ಮೊನ್ನಿ ಚಾ ಕುಡದ್ಯೇನ ತಂಗಿ ಅಂತ ಕೇಳಿದ್ರ ಪಿಟ್ಟ ಅನ್ನಲಿಲ್ಲ, ಎಷ್ಟ ಸೊಕ್ಕ ನಿಂದು. ಅದು ತುಂಬಿಟ್ಟ ದನಿ ರೀ, ಅದಕ್ಕ ಕೇಳಸಂಗಿಲ್ಲ. ತುಂಬಿ ಇಡಾಕ ಅದೇನ ಉಪ್ಪಿನಕಾಯಿ? ನಗಬೇಕು, ನಗುತ್ತೇನೆ, ಮೊಣಕಾಲು ಹೇಗಿದೆ ಎಂದು ಕೇಳುತ್ತೇನೆ, ಮೊಣಕಾಲಿನ ಮಾತು ಒದೆಯುವ ಎಮ್ಮೆಗೆ ಹೊರಳುತ್ತದೆ, ಎಮ್ಮೆಯಿಂದ ಹಾಲಿನ ಡೇರಿಯವನ ಕಳ್ಳತನಕ್ಕೆ, ಹನ್ನೊಂದು, ಹನ್ನೊಂದು ಒಂದು, ಆಕೆಯ ಹೆಬ್ಬೆಟ್ಟು ಈಗ ಎಲ್ಲಿದೆಯೋ, ಕೆಂಪು ಗುಂಡಿಯ ಪಕ್ಕದಲ್ಲಿರಬಹುದು, ಸೀಳಿದ ಹೆಬ್ಬೆಟ್ಟು, ಮಾತಾಡ್ರಿ ಅವ್ವಾರ, ಮಾತಾಡ್ತಾ ಇರ್ರಿ. ಹನ್ನೊಂದು ನಾಲ್ಕಕ್ಕೆ ಕಂಪ್ಯೂಟರಿನ ಮೇಲೆ ಆರೀಫನ ಸಂದೇಶ, ಈಗ ನೋಡಿದೆ ಮೇಡಂ, ಮುಂದಿನವು ನಿಲ್ಲಿಸಿದೆ, ಹನ್ನೊಂದಕ್ಕೆ ಹೋದವು ಹೋಗಿಬಿಟ್ಟಿವೆ, ವಾಪಸ್ ತರಲಾಗುವುದಿಲ್ಲ. ಅಂದರೆ ಅದು ಆಗಲೇ ಆ ಫೋನಿನೊಳಗೆ ಕೂತಿದೆ, ನನ್ನ ದನಿ, ನಾನು ಸುಮ್ಮನಾಗುವುದನ್ನೇ ಕಾಯುತ್ತ. ಸಾಕವಾ, ಇಡ್ತೇನಿ, ರೊಟ್ಟಿ ಹೊತ್ತಾತು. ತಡೀರಿ ತಡೀರಿ, ಕಸ್ತೂರಿಗೊಮ್ಮೆ ಕೊಡ್ರಿ. ಆಕಿ ಕಡೆ ನಿಂದೇನ ಕೆಲಸಾ, ಏನಿದ್ರೂ ನನಗ ಹೇಳು, ಮನ್ಯಾಗ ನಾ ಹಿರ್ಯಾಕಿ. ಮಕ್ಕಳ ತೂಕದ ಕಾರ್ಡ ನೋಡಿ ಓದಿ ಹೇಳಬೇಕ್ರಿ, ಅದಕ್ಕ. ಟೀವಿಯಲ್ಲಿ ಯಾರೋ ಅಳುತ್ತಿದ್ದಾರೆ, ಏ ಕಸ್ತೂರಿ, ಬಾ ಇಲ್ಲಿ, ನಿನ್ನ ಪೋಲಿಯೋದಾಕಿ.

ಹೇಳ್ರಿ ಅಕ್ಕಾರ, ಅಂದಳು, ಅವಳ ದನಿಯ ಹಿಂದೆ ಇಡೀ ಪಡಸಾಲೆ ಕೇಳುತ್ತಿದೆ, ಟೀವಿ, ಪಾತ್ರೆ, ಶಿವವ್ವನ ಉಸಿರು, ಸ್ಪೀಕರು, ಏನು ಹೇಳಿದರೂ ಎಲ್ಲರಿಗೂ ಹೇಳಿದಂತೆ. ಕಸ್ತೂರಿ, ನಿನ್ನ ಮಾತು ಕಡದ ಕಡದ ಬರಾಕತ್ತೈತಿ, ರೇಂಜ್ ಇಲ್ಲ, ಫೋನ ಹಿಡಕೊಂಡ ಹೊರಗ ಬಾ, ಇನ್ನೂ ಹೊರಗ. ಹಿಂದಿನಿಂದ ಶಿವವ್ವ, ಇಷ್ಟೊತ್ತನಾ ನನ್ನ ಮಾತ ಚಲೋ ಕೇಳತಿತ್ತಲ್ಲ ಈಕಿಗೆ? ಬಾಗಿಲು, ಹೊಸ್ತಿಲು, ಕೋಳಿ, ಗಾಳಿ, ಗಾಳಿಯಲ್ಲಿ ಕಬ್ಬಿನ ಒಣಗಿದ ಎಲೆಯ, ರವದಿಯ ಸದ್ದು, ಸ್ಪೀಕರ್ ತೆಗಿ, ಕಿವಿಗೆ ಹಚ್ಚು, ಕಸ್ತೂರಿ, ಈ ಫೋನು ಇಟ್ಟಕೂಡಲೇ ಅದು ಸೂಜಿ ಮಾತು ಗಟ್ಟಿಯಾಗಿ ಹೇಳತೈತಿ, ಹೂ ಒತ್ತೂದ ಬ್ಯಾಡ, ತಾನ ಹೇಳತೈತಿ, ತಪ್ಪು ನನ್ನದು. ಬಹಳ ಮೆಲ್ಲಗೆ, ನನ್ನ ಬಿಟ್ಟ ಯಾರಿಗೂ ಕೇಳಸಂಗಿಲ್ಲ ಅಂದಿದ್ರಲ್ಲ ಅಕ್ಕಾರ, ಅಂದಳು. ಅಂದಿದ್ದೆ. ಕಬ್ಬಿನೊಳಗ ಹೋಗು, ದೂರ ಹೋಗಿ ಕಟ್ ಮಾಡು, ಇಪ್ಪತ್ತೆರಡು ಸೆಕೆಂಡು, ಒಂದ ಸಲ ಮಾತಾಡಿ ಸುಮ್ಮನಾಗತೈತಿ. ರವದಿ ಮುರಿಯುವ ಸದ್ದು, ಅವಳ ಏದುಸಿರು, ಇನ್ನೂ ಒಳಗೆ, ಮತ್ತೆ ಬೇರೆ ಯಾರದೋ ಕೂಗು, ದೂರದಿಂದಲೋ ಹತ್ತಿರದಿಂದಲೋ ತಿಳಿಯದು, ಯಾರೋ ಬರಾಕತ್ತಾರ್ರಿ ಅಕ್ಕಾರ, ಅಂದಳು, ಕೆಂಪು ಗುಂಡಿಯ ಮೇಲೆ ಅವಳ ಹೆಬ್ಬೆಟ್ಟು ಬಿತ್ತು, ಕರೆ ಕಡಿದುಹೋಯಿತು.

ಈಗ ಅಲ್ಲಿ ನಾನು ಮಾತಾಡುತ್ತಿದ್ದೇನೆ. ಕಸ್ತೂರಿ, ಇವತ್ತ ನಿನ್ನ, ಐದು ಸೆಕೆಂಡು, ಮೂರ ತಿಂಗಳ ಸೂಜಿ ದಿನಾ, ಹತ್ತು, ಎಷ್ಟು ಅಕ್ಕರೆಯಿಂದ ಓದಿದ್ದೆ, ಐತವಾ ಅನ್ನುವಲ್ಲಿ ಒಂದಿಷ್ಟು ನಕ್ಕಿದ್ದೆ, ಹದಿನೈದು, ತಪ್ಪಿದ್ರ ಬಸಿರ, ಇಪ್ಪತ್ತು, ಇಪ್ಪತ್ತೆರಡು, ಮುಗಿಯಿತು, ಅವಳು ಒಬ್ಬಳೇ ಕೇಳಿದಳೋ, ಕೂಗಿದವರು ಕಬ್ಬಿನೊಳಗೆ ಬಂದಿದ್ದರೋ, ಒಂದು ನಿಮಿಷ, ಎರಡು, ಮತ್ತೆ ನಾನೇ ಫೋನು ಮಾಡುವಂತಿಲ್ಲ, ಅದು ಯಾರ ಕೈಯಲ್ಲಿದೆಯೋ, ಮೂರು, ಮೇಜು ನಡುಗುತ್ತದೆ, ನನ್ನ ಫೋನು, ಅದೇ ನಂಬರು, ಆ ಕಡೆ ಕಸ್ತೂರಿ ಇರಬಹುದು, ಶಿವವ್ವ ಇರಬಹುದು, ಹೊಲದಿಂದ ಬಂದ ಈಶ್ವರ ಇರಬಹುದು, ಹೆಸರು ತೋರಿಸುತ್ತದೆ, ಮನೆಯ ಹೆಸರು, ಯಾರೆಂದು ತೋರಿಸುವುದಿಲ್ಲ, ನಾಲ್ಕನೇ ರಿಂಗು, ಒಂದು ಒತ್ತು, ಅಷ್ಟೇ, ಒತ್ತಿ ಬಿಡಬೇಕು, ಹಸಿರು ಗುಂಡಿಯ ಮೇಲೆ ಹೆಬ್ಬೆಟ್ಟು, ನನ್ನ ಹೆಬ್ಬೆಟ್ಟು, ಬೆವರಿದೆ, ಗಾಜಿಗೆ ಒಂದು ಕೂದಲೆಳೆ ಮೇಲೆ, ಹೆಬ್ಬೆಟ್ಟು —