ನಾಲ್ಕು ಮಿಲಿಮೀಟರಿನ ಹಟ

ಸುರ್ರ್, ಸುರ್ರ್. ತಿರುಗುವ ಟೈರು ಫ್ರೇಮನ್ನು ಸವರುವ ಈ ಸದ್ದು ಬೀದಿಯ ಆಚೆ ತುದಿಯಲ್ಲಿ ಕೇಳಿದರೂ ದೊಡ್ಡಪ್ಪನ ಕೈಯ ಸ್ಪ್ಯಾನರು ನಿಂತುಬಿಡುತ್ತಿತ್ತು. ಸೈಕಲ್ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು ಎದ್ದು ಮೊಣಕಾಲು ಸವೆದು, ಎಡಕ್ಕೆ ವಾಲಿ ನಡೆಯುವ ಮನುಷ್ಯ. ಕಿವಿ ಮಾತ್ರ ಸವೆದಿರಲಿಲ್ಲ. ಬೂದುಬಣ್ಣದ ಕೋಟಿನ ಜೇಬಿನಲ್ಲಿ, ಬೇರೆಯವರು ಪೆನ್ನು ಸಿಕ್ಕಿಸುವಲ್ಲಿ, ನಾಲ್ಕು ಮಿಲಿಮೀಟರ್ ದಪ್ಪದ ಅಲೆನ್ ಕೀ, ಬೋಲ್ಟು ಬಿಗಿಯುವ ಬಾಗಿದ ಕಬ್ಬಿಣದ ಕಡ್ಡಿ, ಇರುತ್ತಿತ್ತು. ಅದರಿಂದ ಅವರು ಬೋಲ್ಟು ಬಿಗಿದದ್ದನ್ನು ಕಂಡವರಿಲ್ಲ. ಟೈರಿಗೂ ಫ್ರೇಮಿಗೂ ನಡುವಿನ ಸಂದಿಯಲ್ಲಿ, ಎರಡೂ ಪಕ್ಕ, ನೆತ್ತಿಯ ಮೇಲೆ, ಅದು ತಡೆಯಿಲ್ಲದೆ ಹಾದುಹೋಗಬೇಕು. ಹೋಗದಿದ್ದರೆ ಆ ಸೈಕಲ್ ಹೊಸಿಲು ದಾಟುವಂತಿಲ್ಲ.

ಟೈರಿನ ಮೇಲೆ ಅಚ್ಚಾದ ಅಂಕಿಯನ್ನು ಅವರು ನಂಬುತ್ತಿರಲಿಲ್ಲ. “ಅದು ಕಂಪನಿಯವರ ಆಸೆ, ಅಳತೆ ಅಲ್ಲ” ಎನ್ನುತ್ತಿದ್ದರು. ಅಗಲವಾದ ರಿಮ್ಮಿಗೆ ಹಾಕಿ ಗಾಳಿ ತುಂಬಿದರೆ ಮೂವತ್ತು ಮಿಲಿಮೀಟರ್ ಅಗಲ ಎಂದದ್ದು ಮೂವತ್ತೆರಡಾಗುತ್ತದೆ. ಒಂದು ದಿನ ಬಿಟ್ಟರೆ ಇನ್ನೂ ಕೊಂಚ ಹಿಗ್ಗುತ್ತದೆ.

ಈ ಹಟ ಹುಟ್ಟಿನಿಂದ ಬಂದದ್ದಲ್ಲ. ಹಿಂದೊಮ್ಮೆ ತಮ್ಮ ಕೇಳಿದನೆಂದು ಅವನ ರೇಸ್ ಸೈಕಲ್ಲಿಗೆ ದಪ್ಪ ಟೈರು ಹಾಕಿ, ಅಂಗಡಿಯ ಒಣ ನೆಲದಲ್ಲಿ ತಿರುಗಿಸಿ ನೋಡಿ, ಸರಿಯಾಗಿದೆ ಎಂದು ಕಳಿಸಿದ್ದರು. ದಾರಿಯಲ್ಲಿ ಹಸಿ ಟಾರಿನ ಜಲ್ಲಿ ಟೈರಿಗಂಟಿ, ಚಕ್ರ ಹಿಡಿಯುವ ಫೋರ್ಕಿನ ಕವಲಿನ ಸಂದಿಗೆ ಸಿಕ್ಕಿತು. ಮುಂದಿನ ಚಕ್ರ ಗಕ್ಕನೆ ನಿಂತಿತು. ಬಿದ್ದ ತಮ್ಮನ ಬಲಗೈ ಆಮೇಲೆ ಭುಜಕ್ಕಿಂತ ಮೇಲೆ ಏಳಲಿಲ್ಲ.

ಅದೇ ಸೈಕಲ್ ಈಗ ತಮ್ಮನ ಮಗಳದು. ನಾಳೆ ಇನ್ನೂರು ಕಿಲೋಮೀಟರಿನ ಓಟ. ಕಳೆದ ಸಲ ಇಪ್ಪತ್ತೈದರ ಸಣ್ಣ ಟೈರಿನಲ್ಲಿ ಹೋಗಿ, ರಸ್ತೆಯ ಅದುರಿಗೆ ಕೈ ಮರಗಟ್ಟಿ, ಅರ್ಧಕ್ಕೇ ಲಾರಿ ಹತ್ತಿ ಬಂದಿದ್ದಳು. ಈ ಸಲ ಮೂವತ್ತರ ಟೈರು ತಾನೇ ತಂದು ಹಾಕಿಕೊಂಡಿದ್ದಳು. ದೊಡ್ಡಪ್ಪ ಬಗ್ಗಿ, ಫೋರ್ಕಿನ ಕೆಳಗೆ ಕೀ ತೂರಿಸಿದರು. ಅರ್ಧಕ್ಕೆ ಸಿಕ್ಕಿಕೊಂಡಿತು. ಇಪ್ಪತ್ತೆಂಟು ಹಾಕಿ ಗಾಳಿ ಸ್ವಲ್ಪ ಇಳಿಸೋಣ, ಕೈಗೂ ಹಿತ ಎಂದರು. ಎರಡು ಮಿಲಿಮೀಟರಿಗೆ ಇಷ್ಟೊಂದು ಪುರಾಣವೇ ಎಂದು ಅವಳು ನಕ್ಕಳು, ಆಮೇಲೆ ಮುಖ ಊದಿಸಿಕೊಂಡಳು.

“ಅಪ್ಪನೇ ಹೂಂ ಅಂದಿದ್ದಾರೆ, ದೊಡ್ಡಪ್ಪ.”

“ನಿಮ್ಮಪ್ಪ ಆವತ್ತೂ ಹೂಂ ಅಂದಿದ್ದ.”

ಕೈತಪ್ಪು ಮಾಡಿದ ಕೆಲಸಗಾರರಲ್ಲಿ ಕೆಲವರು ಕ್ಷಮೆ ಕೇಳಿ ಹಗುರಾಗುತ್ತಾರೆ. ಕೆಲವರು ಕೇಳುವುದೇ ಇಲ್ಲ, ಮುಂದೆ ಬರುವ ಒಂದೊಂದು ಚಕ್ರವನ್ನೂ ಅಳೆಯುತ್ತಾ ಉಳಿದ ಆಯುಷ್ಯ ಕಳೆಯುತ್ತಾರೆ.

“ಸರಿ, ಆದ್ರೆ ನಾಳೆ ಮತ್ತೆ ಕೈ ಮರಗಟ್ಟಿದ್ರೆ…” ಎಂದು ಅವಳು ಶುರುಮಾಡುವಷ್ಟರಲ್ಲಿ ದೊಡ್ಡಪ್ಪ ಕೀಯನ್ನು ಅವಳ ಅಂಗೈಲಿಟ್ಟು, ಇಪ್ಪತ್ತೆಂಟರ ಟೈರು ತೂಗಿದ್ದ ಗೋಡೆಯತ್ತ ಎಡಕ್ಕೆ ವಾಲುತ್ತಾ ಹೊರಟಾಗಿತ್ತು.